ಸ್ವಲ್ಪ ಬರುತ್ತೆ ಎಂದವಳ ಸ್ಕೀ

ಸ್ಕೀ ಕೊಳ್ಳಲು ಹೊರಟವರು ಮೊದಲು ಅದರ ಮೇಲಿನ ಬಣ್ಣ ನೋಡುವುದನ್ನು ಬಿಡಬೇಕು. ಅಂಗಡಿಗೆ ಹೋಗುವಾಗ ಒಳ್ಳೆಯ ಜಾಕೆಟ್ ಹಾಕಿಕೊಂಡು ಹೋಗಬಾರದು. ಇವೆರಡು ನನಗೆ ಮೊದಲಿನಿಂದಲೂ ಗೊತ್ತಿದ್ದವು. ಇನ್ನೊಂದನ್ನು ಕಲಿಯಲು ಒಂದು ಇಡೀ ಚಳಿಗಾಲ ಬೇಕಾಯಿತು, ಅದನ್ನು ಕಲಿಸಿದವಳು ನನ್ನ ಹೆಂಡತಿ.

ಇಷ್ಟೆಲ್ಲ ಹೇಳುವ ನನಗೆ ಸ್ಕೀ ಮಾಡಲು, ಅಂದರೆ ಆ ಉದ್ದ ಪಟ್ಟಿಗಳನ್ನು ಕಾಲಿಗೆ ಸಿಕ್ಕಿಸಿಕೊಂಡು ಮಂಜಿನ ಮೇಲೆ ಜಾರಲು, ಬರುವುದಿಲ್ಲ. ಒಮ್ಮೆ ಅದರ ಮೇಲೆ ನಿಂತಿದ್ದೇನೆ, ನಿಂತಷ್ಟೇ ಬೇಗ ಕೂತಿದ್ದೇನೆ. ಆದರೆ ಕೊಳ್ಳುವುದು ಗೊತ್ತು. ಅಮೆರಿಕದ ಡೆಟ್ರಾಯಿಟ್ ಬಳಿಯ ವಿಕ್ಸಮ್‌ನಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದೆ. ಮುಚ್ಚಿಹೋಗುವ ವರ್ಕ್‌ಶಾಪುಗಳ ಲೇತು, ಡ್ರಿಲ್ಲಿಂಗ್ ಮೆಷಿನ್ನುಗಳನ್ನು ಹರಾಜಿನಲ್ಲಿ ಕೊಂಡು, ಒರೆಸಿ, ಎಣ್ಣೆ ಹಾಕಿ, ಬೇಕಾದವರಿಗೆ ಮಾರುವುದು ನನ್ನ ಕಸುಬು. ಯಾವ ಕಾಲೇಜೂ ಇದನ್ನು ಕಲಿಸಲಿಲ್ಲ. ಮಾರುವವನ ಮುಖ ನೋಡಿ, ಮೆಷಿನ್ನಿನ ಅಡಿಗೆ ಕೈ ಹಾಕಿ ನೋಡಿ ಕಲಿತದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಜನವರಿಯಲ್ಲಿ ಮಗಳ ಶಾಲೆಯ ಸ್ಕೀ ಕ್ಲಬ್ಬಿನಿಂದ ಒಂದು ಚೀಟಿ ಬಂತು. ಶುಕ್ರವಾರ ಸಂಜೆ ಮಕ್ಕಳನ್ನು ಬಸ್ಸಿನಲ್ಲಿ ಗುಡ್ಡಕ್ಕೆ ಕರೆದೊಯ್ಯುತ್ತಾರೆ, ಜೊತೆಗೆ ಹೆತ್ತವರಲ್ಲಿ ಕೆಲವರು ಬೇಕು, ಬಂದವರಿಗೆ ಗುಡ್ಡ ಹತ್ತಿಸುವ ಲಿಫ್ಟಿನ ಟಿಕೆಟ್ಟೂ ಪಾಠವೂ ಪುಕ್ಕಟೆ.

"ನೀನು ಹೋಗೇ," ಎಂದೆ ಹೆಂಡತಿಗೆ.

"ನಾನಾ? ಆ ಚಳೀಲಿ? ನೀವೇ ಹೋಗಿ."

"ಪುಕ್ಕಟೆ ಕಣೇ. ಪಾಠಾನೂ ಸೇರಿ."

"ಪುಕ್ಕಟೆ ಕೈಕಾಲು ಮುರ್ಕೊಳ್ಳೋಕೆ ನಾನೇ ಬೇಕಾ ನಿಮಗೆ?"

ಆದರೂ ಹೋದಳು. ಮಗಳ ಮೇಲೊಂದು ಕಣ್ಣಿಡಬಹುದು ಎಂದು ಹೋದವಳು. ಮೈಸೂರಿನಲ್ಲಿ ಹುಟ್ಟಿ ಚಾಮುಂಡಿ ಬೆಟ್ಟ ನೋಡಿಕೊಂಡು ಬೆಳೆದವಳಿಗೆ ನಮ್ಮ ಕಡೆಯ ಸ್ಕೀ ಗುಡ್ಡ ಗುಡ್ಡವೆಂದೇ ಅನಿಸಿರಲಿಲ್ಲ. "ಯಾರೋ ಮನೆ ಕಟ್ಟೋಕೆ ಮಣ್ಣು ಸುರಿದ ಹಾಗಿದೆ," ಎಂದಳು ಮೊದಲ ದಿನ ಬಂದು. ಆದರೆ ಅದರ ಮೇಲಿನ ಮಂಜು ಸುಲಭದ್ದಲ್ಲ. ಹಗಲು ಕರಗಿ, ಸಂಜೆ ಹೆಪ್ಪುಗಟ್ಟಿ, ರುಬ್ಬುವ ಕಲ್ಲಿನಷ್ಟು ಗಟ್ಟಿಯಾಗಿರುತ್ತದೆ. ಅಲ್ಲಿ ಸ್ಕೀಯ ಅಂಚನ್ನು ಕಚ್ಚಿಸಿ ನಿಲ್ಲಲು ಕಲಿತವರು ಎಲ್ಲಿ ಬೇಕಾದರೂ ನಿಲ್ಲುತ್ತಾರೆ ಎಂದು ಆಮೇಲೆ ಹಲವರು ನನಗೆ ಹೇಳಿದರು.

ಮಗಳು ಹೈಸ್ಕೂಲಿಗೆ ಹೋದ ಮೇಲೆ "ಇಟ್ಸ್ ಟೂ ಕೋಲ್ಡ್, ಅಮ್ಮ" ಎಂದು ಬಿಟ್ಟುಬಿಟ್ಟಳು. ತಾಯಿ ಬಿಡಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ, ಸಾರಿಗೆ ಬೇಳೆ ಇಟ್ಟು, "ಕುಕ್ಕರ್ ಆಫ್ ಮಾಡ್ರಿ" ಎಂದು ಹೇಳಿ ಹೊರಡುತ್ತಿದ್ದಳು. ಶನಿವಾರಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಗುಡ್ಡದ ಕೆಳಗಿನ ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಹರಾಜಿನ ಜಾಹೀರಾತು ಓದುತ್ತಿದ್ದೆ. ಅವಳ ಕೆಂಪು ಮಂಕಿಕ್ಯಾಪ್ ಮೇಲಿನಿಂದ ಹೊರಟಾಗ ಓದುವುದನ್ನು ನಿಲ್ಲಿಸುತ್ತಿದ್ದೆ. ಆಚೆ ಹೋಗಿ ನಿಂತರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಬೇರೆಯವರು ಇಳಿಯುವಾಗ ಗರಗರ ಕೆರೆಯುವ ಸದ್ದು. ಅವಳದು ದರ್ಜಿ ಬಟ್ಟೆಯ ಮೇಲೆ ಕತ್ತರಿ ಓಡಿಸಿದ ಹಾಗೆ, ಒಂದೇ ಎಳೆಯ ಸದ್ದು. ಕೆಳಗೆ ಬಂದು ನಿಂತಾಗ ಅವಳ ಮುಖದಲ್ಲಿ ಇರುತ್ತಿದ್ದ ನಗು ಮನೆಯಲ್ಲಿ ಯಾವಾಗಲೂ ಕಾಣುವಂಥದ್ದಲ್ಲ. ಅದನ್ನು ನೋಡುವುದಕ್ಕೇ ನಾನು ಹೋಗುತ್ತಿದ್ದದ್ದು. ಹರಾಜಿನ ಜಾಹೀರಾತನ್ನು ಮನೆಯಲ್ಲೂ ಓದಬಹುದಿತ್ತು.

ಮಗಳು ಕಾಲೇಜು ಸೇರಿದ ವರ್ಷ, ಅಂದರೆ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಹೆಂಡತಿಯ ಆಸ್ಪತ್ರೆಯ ನರ್ಸುಗಳ ಒಂದು ಗುಂಪು ಬರುವ ಮಾರ್ಚಿನಲ್ಲಿ ಸ್ಕೀ ಮಾಡಲು ಕೊಲೊರಾಡೊಗೆ ಹೊರಟಿತ್ತು. ಇವಳನ್ನೂ ಕರೆದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದಳು.

"ನಿಜವಾದ ಬೆಟ್ಟ ಅಂತೆ ರೀ. ಮೇಲಿಂದ ಕೆಳಗೆ ಬರೋಕೆ ಅರ್ಧ ಗಂಟೆ ಬೇಕಂತೆ."

"ಹೋಗ್ಬಾ."

"ಯಾರೋ ಕೊಟ್ಟ ಈ ಹಳೇ ಸ್ಕೀಲಿ ಆಗಲ್ಲ. ನಂಗೇ ಅಂತ ಒಂದು ಜೊತೆ ಬೇಕು." ಅನ್ನ ಕಲಸುತ್ತ ಮತ್ತೆ ಹೇಳಿದಳು: "ಇನ್ನೆಷ್ಟು ವರ್ಷ ಈ ಮಂಡಿ ಮಾತು ಕೇಳುತ್ತೆ? ಒಂದ್ಸಲ ಮೇಲಿನ ತನಕ ಹೋಗಿ ಇಳೀಬೇಕು. ಅವರೆಲ್ಲ ಮೇಲೆ ಹೋದಾಗ ನಾನು ಕೆಳಗೆ ಕೂತು ಕಾಯೋ ಹಾಗಾಗ್ಬಾರದು."

ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ತನಗೇ ಅಂತ ಒಂದು ವಸ್ತು ಬೇಕೆಂದು ಅವಳು ಬಾಯಿ ಬಿಟ್ಟು ಕೇಳಿದ್ದು ನನಗೆ ನೆನಪಿರಲಿಲ್ಲ.

ನಾನು ಮೆಷಿನ್ ಕೊಳ್ಳುವ ಹಾಗೆಯೇ ಶುರುಮಾಡಿದೆ. ಹರಾಜಿಗೆಂದು ಶಿಕಾಗೋ ಬಳಿಯ ಎಲ್ಕ್ ಗ್ರೋವ್ ವಿಲೇಜಿಗೆ ಹೋದಾಗಲೆಲ್ಲ ಆ ಕಡೆಯ ಸ್ಕೀ ಅಂಗಡಿಗಳಿಗೆ ನುಗ್ಗಿ, ಕೊಳ್ಳುವವನಂತೆ ಕಾಣಿಸಿಕೊಳ್ಳದೆ ಕೇಳುತ್ತ ನಿಲ್ಲುತ್ತಿದ್ದೆ. ತಿಳಿದದ್ದನ್ನು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಗಟ್ಟಿ ಮಂಜಿಗೆ ನಡು ಸಣ್ಣಗಿರುವ ಸ್ಕೀ ಬೇಕು, ಬೇಗ ಹೊರಳಿ ಕಚ್ಚುತ್ತದೆ. ಆಳದ ಮೆತ್ತನೆಯ ಮಂಜಿಗೆ ನಡು ಅಗಲವಿರಬೇಕು, ಇಲ್ಲದಿದ್ದರೆ ಹೂತುಹೋಗುತ್ತದೆ. ಎರಡಕ್ಕೂ ಆಗುವಂತೆ ಮಧ್ಯಮ ಅಗಲದಲ್ಲಿ ಮಾಡಿದ್ದಕ್ಕೆ ಆಲ್ ಮೌಂಟನ್ ಎನ್ನುತ್ತಾರೆ. ಒಂದೇ ಜೊತೆ ಇಟ್ಟುಕೊಳ್ಳುವವರಿಗೆ ಅದೇ ಸರಿ. ಆದರೆ ಚೆನ್ನಾಗಿ ಬರುವವರಿಗೆ ಬೇರೆ, ಕಲಿಯುವವರಿಗೆ ಬೇರೆ. ಕಲಿಯುವವರದು ಮೆತ್ತಗೆ ಬಾಗುತ್ತದೆ, ತಪ್ಪನ್ನು ಮನ್ನಿಸುತ್ತದೆ. ಪಳಗಿದವರದು ಬಿಗಿ, ಒಳಗೆ ಲೋಹದ ತೆಳು ಹಾಳೆ ಇರುತ್ತದೆ, ವೇಗದಲ್ಲಿ ನಡುಗುವುದಿಲ್ಲ. ಇನ್ನು ಬೈಂಡಿಂಗ್. ಅದು ಬೂಟನ್ನು ಸ್ಕೀಗೆ ಹಿಡಿಯುವ ಸ್ಪ್ರಿಂಗಿನ ಕೊಂಡಿ, ಮುಂದೊಂದು ಹಿಂದೊಂದು. ಬಿದ್ದಾಗ ಬಿಡಬೇಕು, ಬೀಳದಿದ್ದಾಗ ಬಿಡಬಾರದು. ಅಷ್ಟೇ ಅದರ ಕೆಲಸ. ಎಷ್ಟು ಬಿಗಿ ಇಡಬೇಕೆಂದು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ನೋಡಿ ಅಂಗಡಿಯವರು ಲೆಕ್ಕ ಹಾಕುತ್ತಾರೆ. ಜೊತೆಗೆ ಒಂದು ಪ್ರಶ್ನೆ ಕೇಳುತ್ತಾರೆ: ನೀವು ಹೇಗೆ ಸ್ಕೀ ಮಾಡುತ್ತೀರಿ? ನಿಧಾನವಾಗಿ, ಹುಷಾರಾಗಿ ಎಂದರೆ ಸಡಿಲ. ವೇಗವಾಗಿ, ಕಡಿದಾದ ಇಳಿಜಾರಿನಲ್ಲಿ ಎಂದರೆ ಬಿಗಿ.

ಆ ಸಂಕ್ರಾಂತಿಗೆ ಪಕ್ಕದ ಊರು ನೋವೈನಲ್ಲಿ ಒಬ್ಬರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಹುಬ್ಬಳ್ಳಿ ಕಡೆಯ ನನ್ನ ಗೆಳೆಯ, ಕಾರು ಕಂಪನಿಯ ಎಂಜಿನಿಯರು, ಮೊಣಕಾಲಿಗೆ ದೊಡ್ಡ ಪಟ್ಟಿ ಬಿಗಿದುಕೊಂಡು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ. ಎರಡು ವರ್ಷದಿಂದ ಸ್ಕೀ ಕಲಿಯುತ್ತಿದ್ದವನು.

"ಏನ್ ಹೇಳೂದ್ರಿ ವೈನಿ," ಎಂದ ನನ್ನ ಹೆಂಡತಿಗೆ. "ಅಂಗಡಿಯಾಂವ ಹೆಂಗ್ ಸ್ಕೀ ಮಾಡ್ತೀರಿ ಅಂದ, ನಾ ಎಕ್ಸ್‌ಪರ್ಟ್ ಅಂದೆ. ಟೈಟ್ ಮಾಡಿ ಕೊಟ್ಟ. ಬಿದ್ದಾಗ ಸ್ಕೀ ಕಾಲ್ ಬಿಡ್ಲೇ ಇಲ್ಲ ನೋಡ್ರಿ, ಮೊಣಕಾಲ ಬಿಡ್ತು."

"ಎಕ್ಸ್‌ಪರ್ಟ್ ಅಂತ ಯಾಕಪ್ಪಾ ಹೇಳ್ದೆ?" ಎಂದೆ ನಾನು.

"ಪಕ್ಕದಾಗ ನನ್ನ ಮ್ಯಾನೇಜರ್ ನಿಂತಿದ್ದನೋ ಮಾರಾಯ!"

ಎಲ್ಲರೂ ನಕ್ಕರು. ನನ್ನ ಹೆಂಡತಿ ಎಳ್ಳುಬೆಲ್ಲದ ತಟ್ಟೆ ಹಿಡಿದು ಅವನ ಮೊಣಕಾಲನ್ನೇ ನೋಡುತ್ತಿದ್ದಳು.

ಮಾರನೆಯ ವಾರ ಡೆಟ್ರಾಯಿಟ್ ಕಡೆಯ ಒಂದು ಅಂಗಡಿಗೆ ಹೋದೆವು. ಹಿಂದಿನ ವರ್ಷದ ಮಾಡೆಲ್ಲುಗಳನ್ನು ಕಡಿಮೆಗೆ ಹಾಕಿದ್ದರು. ಅಂಗಡಿಯವನು ತೂಕ, ಎತ್ತರ ಎಲ್ಲ ಬರೆದುಕೊಂಡು ಕೊನೆಗೆ ಕೇಳಿದ, ಹೇಗೆ ಸ್ಕೀ ಮಾಡುತ್ತೀರಿ?

"ಎ ಲಿಟಲ್," ಎಂದಳು ನನ್ನ ಹೆಂಡತಿ, ತಲೆ ತಗ್ಗಿಸಿ ನಕ್ಕು. "ಜಸ್ಟ್ ಎ ಲಿಟಲ್."

ಕನ್ನಡದ ಹೆಣ್ಣುಮಕ್ಕಳಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಕೇಳುವುದಕ್ಕೆಲ್ಲ ಇದೊಂದೇ ಉತ್ತರ. ಹಾಡು ಬರುತ್ತೇನಮ್ಮ? ಸ್ವಲ್ಪ ಬರುತ್ತೆ. ಅಡುಗೆ? ಸ್ವಲ್ಪ ಬರುತ್ತೆ. ಚೆನ್ನಾಗಿ ಬರುತ್ತೆ ಎಂದ ಹುಡುಗಿಗೆ ಜಂಬದ ಕೋಳಿ ಎಂಬ ಹೆಸರು ಗ್ಯಾರಂಟಿ. ಕೇಳುವವರಿಗೂ ಇದು ಗೊತ್ತು, ಸ್ವಲ್ಪ ಎಂದದ್ದನ್ನು ಅವರೇ ಮನಸ್ಸಿನಲ್ಲಿ ದೊಡ್ಡದು ಮಾಡಿಕೊಳ್ಳುತ್ತಾರೆ. ನಮ್ಮ ಮದುವೆಯ ಮಾತಿಗೆ ಹೋದಾಗ ಇವಳೂ ಸ್ವಲ್ಪ ಎಂದೇ ಹಾಡಲು ಕೂತಿದ್ದಳು, ಹಾಡು ಮುಗಿದಾಗ ನನ್ನ ಸೋದರಮಾವ ಕಾಫಿ ಲೋಟ ಕೆಳಗಿಡುವುದನ್ನು ಮರೆತಿದ್ದರು. ಅಮೆರಿಕದ ಅಂಗಡಿಯವನು ಹೀಗೆ ದೊಡ್ಡದು ಮಾಡಿಕೊಳ್ಳುವುದಿಲ್ಲ. ಲಿಟಲ್ ಎಂದರೆ ಅವನಿಗೆ ಲಿಟಲ್. ಅವಳು ಹೇಳಿದ್ದಕ್ಕೆ ತಕ್ಕ ಹಾಗೆ, ಗಿಡ್ಡನೆಯ, ಮೆತ್ತನೆಯ ಒಂದು ಜೊತೆ ತೆಗೆದು, ಬೈಂಡಿಂಗ್ ಸಡಿಲವಿಟ್ಟು ಕೊಟ್ಟ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬೆಲೆಯೂ ಚೆನ್ನಾಗಿತ್ತು.

ಫೆಬ್ರುವರಿಯ ಮೊದಲ ಶನಿವಾರ ಅದನ್ನು ಹಾಕಿಕೊಂಡು ನಮ್ಮ ಗುಡ್ಡದ ಅತಿ ಕಡಿದಾದ ಬದಿಯಿಂದ ಹೊರಟಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಎರಡು ತಿರುವು ಎಂದಿನ ಹಾಗೇ ಇದ್ದವು. ಮೂರನೆಯದರ ನಡುವೆ, ಅವಳು ಭಾರವೆಲ್ಲ ಒಂದು ಕಾಲಿನ ಮೇಲೆ ಬಿಟ್ಟ ಹೊತ್ತಿಗೆ, ಆ ಕಾಲಿನ ಸ್ಕೀ ಕಳಚಿಕೊಂಡು ತನ್ನ ದಾರಿ ಹಿಡಿಯಿತು. ಕೆಂಪು ಟೋಪಿ ಉರುಳಿಕೊಂಡು ಬಂತು. ನಾನು ಫ್ಲಾಸ್ಕ್ ಕೆಡವಿಕೊಂಡು ಓಡಿದೆ.

ಮೂಳೆಗೆ ಏನೂ ಆಗಿರಲಿಲ್ಲ. ಸೊಂಟದ ಒಂದು ಬದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕಾರಿನಲ್ಲಿ ಮನೆಗೆ ಹೊರಟೆವು. ಹೈವೇಯಲ್ಲಿ ನಮ್ಮ ಊರಿನ ಎಕ್ಸಿಟ್ ಬರುವ ಹೊತ್ತಿಗೆ ಹೇಳಿದಳು:

"ಸೋಮವಾರ ಅವರಿಗೆ ನಾನು ಕೊಲೊರಾಡೊಗೆ ಬರಲ್ಲ ಅಂತ ಹೇಳಿಬಿಡ್ತೀನಿ."

"ಯಾಕೆ? ಒಂದ್ಸಲ ಬಿದ್ದಿದ್ದಕ್ಕಾ?"

"ನಂಗೆ ಬರುತ್ತೆ ಅಂತ ಅನ್ಕೊಂಡಿದ್ದೆ ಅಷ್ಟೇ ರೀ. ಚಿಕ್ಕ ಗುಡ್ಡದ ಮೇಲೆ ಎಲ್ಲರಿಗೂ ಬರುತ್ತೆ."

ಬಿದ್ದದ್ದಕ್ಕಿಂತ ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಇಷ್ಟು ವರ್ಷ ಕಿಟಕಿಯಿಂದ ನೋಡಿದ್ದನ್ನು ಅವಳು ಒಂದೇ ಮಾತಿನಲ್ಲಿ ಇಲ್ಲ ಎಂದುಬಿಟ್ಟಿದ್ದಳು. ಮೆಷಿನ್ ನಿಂತರೆ ನಡೆಸುವವನನ್ನು ಬೈಯುವ ಮುಂಚೆ ಮೆಷಿನ್ನನ್ನು ನೋಡಬೇಕು. ಅವಳು ಮಲಗಿದ ಮೇಲೆ ಗರಾಜಿಗೆ ಹೋಗಿ ಸ್ಕೀಯನ್ನು ಬೆಂಚಿನ ಮೇಲಿಟ್ಟೆ. ಬೈಂಡಿಂಗಿನ ಮೇಲೆ ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತದೆ, ಒಳಗೆ ಬಿಗಿಯ ಅಂಕಿ ಕಾಣುತ್ತದೆ. ಅಂಕಿ ತೀರ ಕಡಿಮೆಯಿತ್ತು. ಬೂಟು ತೊಡಿಸಿ ಕೈಯಲ್ಲಿ ಜೋರಾಗಿ ತಿರುಚಿದೆ. ಟಕ್ಕೆಂದು ಬಿಟ್ಟುಕೊಟ್ಟಿತು. ಬಿದ್ದದ್ದಕ್ಕೆ ಸ್ಕೀ ಕಳಚಿದ್ದಲ್ಲ, ಸ್ಕೀ ಕಳಚಿದ್ದಕ್ಕೆ ಅವಳು ಬಿದ್ದದ್ದು. ಸ್ಕ್ರೂಡ್ರೈವರ್ ಪಕ್ಕದಲ್ಲೇ ಇತ್ತು. ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಅದಕ್ಕೆ ಅಂಗಡಿಯವರ ಹತ್ತಿರ ಪರೀಕ್ಷೆಯ ಯಂತ್ರವಿರುತ್ತದೆ, ಮಂಡಿ ಮಾತ್ರ ನಮ್ಮದು.

ಬೆಳಿಗ್ಗೆ ಹೇಳಿದರೆ ಅವಳು ಕೇಳಲಿಲ್ಲ. "ಬಿಗಿ ಮಾಡಿಸ್ಕೊಂಡು ಹುಬ್ಬಳ್ಳಿಯವರ ಹಾಗೆ ಕೂರ್ಲಾ?" ಎಂದಳು. ಇನ್ನೊಂದು ಸ್ಕೀ ಅಂಗಡಿ ಎಂದರೆ ಬರುವುದಿಲ್ಲ ಎಂದು ಗೊತ್ತಿತ್ತು. ಆಸ್ಪತ್ರೆಯಲ್ಲಿ ಇನ್ನೊಂದು ವಾರ ಏನೂ ಹೇಳಬೇಡ ಎಂದು ಒಪ್ಪಿಸಿ, ಶಿಕಾಗೋಗೆ ಹೋಗಿಬರೋಣ, ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಕರಿಬೇವು, ಮೆಂತ್ಯ, ರಾಗಿಹಿಟ್ಟು ತರೋಣ ಎಂದೆ. ಕರಿಬೇವು ಎಂದರೆ ಐದು ಗಂಟೆ ಕಾರಿನಲ್ಲಿ ಕೂರಲು ತಯಾರಿರುವವಳು. ಬಂದಳು. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಸ್ಕೀ ಮಲಗಿತ್ತು, ಅದನ್ನು ನೋಡಿಯೂ ನೋಡದವಳಂತೆ ಕೂತಳು.

ಡೆವನ್‌ನಲ್ಲಿ ಚೀಲ ತುಂಬಿಸಿಕೊಂಡು ಹಿಂತಿರುಗುವ ದಾರಿಯಲ್ಲಿ ಒಂದು ಉಪನಗರದ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ನಮ್ಮದೇ ವಯಸ್ಸಿನ ಹೆಂಗಸು ಅಂಗಡಿ ನಡೆಸುತ್ತಿದ್ದಳು. ಸ್ಕೀಯನ್ನು ಕೌಂಟರಿನ ಮೇಲಿಟ್ಟು ಆದದ್ದು ಹೇಳಿದೆ. ಆಕೆ ಅಂಕಿ ನೋಡಿದಳು, ನನ್ನ ಹೆಂಡತಿಯ ಕಡೆ ನೋಡಿದಳು, ಅದೇ ಪ್ರಶ್ನೆ ಕೇಳಿದಳು. ನೀವು ಹೇಗೆ ಸ್ಕೀ ಮಾಡುತ್ತೀರಿ?

"ಎ ಲಿಟಲ್—"

"ಶೀ ಈಸ್ ವೆರಿ ಗುಡ್," ಎಂದು ನಾನು ಬಾಯಿ ಹಾಕಿದೆ.

ಅಂಗಡಿಯಾಕೆ ನನ್ನ ಕಡೆ ಕೈ ಎತ್ತಿ ನಿಲ್ಲಿಸಿದಳು. ಸ್ಕೀ ಮೇಲೆ ನಿಲ್ಲುವವರು ನೀವಲ್ಲ, ಇದನ್ನು ಅವರೇ ಹೇಳಬೇಕು, ನಾನು ನೋಡಿ ಊಹಿಸುವಂತೆಯೂ ಇಲ್ಲ, ಎಂದಳು. ಆಮೇಲೆ ನನ್ನ ಹೆಂಡತಿಗೆ ಮೆತ್ತಗೆ ಹೇಳಿದಳು: ಹೆಚ್ಚು ಹೇಳಿದರೂ ಅಪಾಯ, ಕಡಿಮೆ ಹೇಳಿದರೂ ಅಪಾಯ. ನನಗೆ ನಿಜ ಬೇಕು ಅಷ್ಟೆ.

ನಾನು ಎಷ್ಟೋ ಜನರ ಪರವಾಗಿ ಚೌಕಾಸಿ ಮಾಡಿದ್ದೇನೆ. ಇಲ್ಲಿ ಮಾತ್ರ ನನ್ನ ಬಾಯಿಗೆ ಕೆಲಸವಿರಲಿಲ್ಲ.

ಹೆಂಡತಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು. "ಹೇಗ್ರೀ ಹೇಳೋದು ಹಾಗೆಲ್ಲ? ನಮ್ಮ ಬಾಯಲ್ಲಿ ನಾವೇ?"

"ಲ್ಯಾಬಲ್ಲಿ ರಿಪೋರ್ಟ್ ಕೊಡ್ತೀಯಲ್ಲ. ಶುಗರ್ ಮುನ್ನೂರು ಬಂದ್ರೆ ಸ್ವಲ್ಪ ಇದೆ ಅಂತ ಬರೀತೀಯಾ?"

"ಅಯ್ಯೋ, ಅದು ಪೇಷೆಂಟ್‌ದು ರೀ."

"ಇವತ್ತು ನೀನೇ ಪೇಷೆಂಟ್ ಅನ್ಕೋ. ಜಂಬಾನೂ ಬೇಡ, ನಾಚಿಕೇನೂ ಬೇಡ. ಇದ್ದದ್ದು ಎಷ್ಟೋ ಅಷ್ಟು ಹೇಳು."

ಅವಳಿಗೆ ನಗು ಬಂತು. ಸೊಂಟದ ನೋವಿನ ಕಡೆಗೆ ಭಾರ ಬೀಳದಂತೆ ಕೌಂಟರನ್ನು ಹಿಡಿದು ನಿಂತಿದ್ದಳು. ಆಮೇಲೆ ಅಂಗಡಿಯಾಕೆಯ ಮುಖ ನೋಡಿ, ರಿಪೋರ್ಟ್ ಓದುವ ದನಿಯಲ್ಲೇ ಹೇಳಿದಳು:

"ಐ ಸ್ಕೀ ಫಾಸ್ಟ್. ಐ ಲೈಕ್ ಇಟ್ ಸ್ಟೀಪ್. ಆನ್ ಐಸ್ ಆಲ್ಸೋ."

ಹೇಳಿ ಮುಗಿಸಿ ಕಿವಿಯವರೆಗೆ ಕೆಂಪಾದಳು. ಅಂಗಡಿಯಾಕೆ ಹುಬ್ಬೇರಿಸಲಿಲ್ಲ, ಹೊಗಳಲಿಲ್ಲ. "ಗುಡ್," ಎಂದು ಬರೆದುಕೊಂಡಳು, ಒಳಗೆ ಹೋಗಿ ಬೇರೆ ಮೂರು ಜೊತೆ ಸ್ಕೀ ತಂದು ಗೋಡೆಗೆ ಒರಗಿಸಿದಳು.

ಅಲ್ಲಿಂದ ಮುಂದೆ ನನಗೆ ಕೆಲಸವಿರಲಿಲ್ಲ, ಇಬ್ಬರು ಹೆಂಗಸರೂ ನನ್ನನ್ನು ಮರೆತರು. ಹೆಂಡತಿ ಒಂದೊಂದನ್ನೇ ತುದಿ ಹಿಡಿದು, ನಡುವಿಗೆ ಕೈಯೊತ್ತಿ ಬಾಗಿಸಿ ನೋಡಿದಳು. ಹೂವಿನ ಚಿತ್ರವಿದ್ದದ್ದನ್ನು ಮೊದಲೇ ಪಕ್ಕಕ್ಕಿಟ್ಟಳು. ಎರಡನೆಯದು ಬಾಗಲೇ ಇಲ್ಲ. ರೇಸಿನವರಿಗೆ ಸರಿ, ದಿನವಿಡೀ ಬೆಟ್ಟ ಸುತ್ತುವವರ ತೊಡೆ ಸೋಲುತ್ತದೆ ಎಂದಳು ಅಂಗಡಿಯಾಕೆ. ಮೂರನೆಯದು ಇವಳ ಹುಬ್ಬಿನ ಎತ್ತರಕ್ಕೆ ಬರುತ್ತಿತ್ತು, ನಡು ಮೊದಲು ಕೊಂಡದ್ದಕ್ಕಿಂತ ಒಂದು ಬೆರಳು ಅಗಲ, ಒಳಗೆ ಲೋಹದ ಹಾಳೆ. ಒತ್ತಿದರೆ ಬಾಗಿತು, ಬಿಟ್ಟರೆ ಚಂಗನೆ ನೆಟ್ಟಗಾಯಿತು.

"ಇದು," ಎಂದಳು. ನನ್ನನ್ನು ಕೇಳಲಿಲ್ಲ.

ಬೈಂಡಿಂಗನ್ನು ಆಕೆ ಆರಿಸಿದ ರೀತಿಯನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಅಂಕಿ ಬೈಂಡಿಂಗಿನ ಅಂಕಿಗಳ ನಡುಮಧ್ಯಕ್ಕೆ ಬರಬೇಕು, ಆ ತುದಿಗೂ ಬೇಡ, ಈ ತುದಿಗೂ ಬೇಡ, ತುದಿಯಲ್ಲಿ ಸ್ಪ್ರಿಂಗು ನಂಬಿಕೆಗೆ ಅರ್ಹವಲ್ಲ. ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕಿನ ಕೊಕ್ಕೆಗಳು ಸ್ಕೀಯ ಅಗಲಕ್ಕೆ ಹೊಂದಬೇಕು. ನಿಮ್ಮದೇ ಬೂಟು ಹಾಕಿ, ನಿಮ್ಮ ಕಣ್ಣೆದುರೇ ಯಂತ್ರದಲ್ಲಿ ತಿರುಚಿ ತೋರಿಸುವ ತನಕ ಅಂಗಡಿ ಬಿಡಬೇಡಿ. ಇವಳ ಬೈಂಡಿಂಗು ಎರಡೂ ಕಡೆ ಒಂದೇ ಹದಕ್ಕೆ ಬಿಟ್ಟುಕೊಟ್ಟಿತು. ಹೆಂಡತಿ ಬಗ್ಗಿ ನೋಡುತ್ತಿದ್ದಳು, ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಬಗ್ಗುವ ಹಾಗೆ.

ಬೆಲೆ ಮಾತಾಡುವ ಹೊತ್ತಿಗೆ ನನಗೆ ಜೀವ ಬಂತು. ಪ್ರತಿ ವರ್ಷದ ಪರೀಕ್ಷೆ ಪುಕ್ಕಟೆ, ಸ್ಕೀ ಚೀಲ ಪುಕ್ಕಟೆ, ಮೊದಲು ಕೊಂಡ ಮೆತ್ತನೆಯ ಜೊತೆಯನ್ನು, ಎಂದಾದರೂ ಮತ್ತೆ ಹಾಕಿಕೊಂಡಾಳು ಎಂದು, ಮಗಳ ಅಳತೆಗೆ ಹೊಂದಿಸಿ ಕೊಡುವುದೂ ಪುಕ್ಕಟೆ ಎಂದು ಒಪ್ಪಿಸಿದೆ. ಅಷ್ಟು ಹೊತ್ತೂ ಹೆಂಡತಿ ನನ್ನ ಗುರುತೇ ಇಲ್ಲದವಳಂತೆ ಕೈಗವಸುಗಳನ್ನು ನೋಡುತ್ತ ನಿಂತಿದ್ದಳು.

ಸೋಮವಾರ ಆಸ್ಪತ್ರೆಯಲ್ಲಿ ಅವಳು ಬರುತ್ತೇನೆ ಎಂದು ಹೇಳಿದಳು. ಮಾರ್ಚಿನಲ್ಲಿ ಹೊರಟಳು. ನಾನು ಶೆಡ್ಡಿನಲ್ಲಿ ಒಂದು ಲೇತಿನ ಗ್ರೀಸು ಕೆರೆಯುತ್ತಿದ್ದಾಗ ಫೋನು ಬಂತು. ಗಾಳಿಯ ಸದ್ದು, ಅದರ ನಡುವೆ ಅವಳ ಏದುಸಿರು.

"ಎಲ್ಲಿದೀಯ?"

"ಮೇಲಿಂದ ಬಂದೆ ರೀ. ತುತ್ತತುದಿಯಿಂದ. ಮಂಜು ಎಷ್ಟು ಆಳ ಗೊತ್ತಾ, ಮೊಣಕಾಲು ತನಕ. ಅವರೆಲ್ಲ ಅಂಚಲ್ಲಿ ನಿಂತು ನೀ ಮೊದಲು ನೀ ಮೊದಲು ಅಂತಿದ್ರು. ನಾನೇ ಹೋದೆ ಮೊದಲು."

"ಸ್ಕೀ ಕಳಚ್ತಾ?"

"ಒಂದ್ಸಲ. ಮರದ ಹತ್ತಿರ ತಲೆಕೆಳಗಾಗಿ ಬಿದ್ದೆ. ಆಗ ಬಿಡ್ತು. ಮಂಡಿಗೆ ಏನೂ ಆಗ್ಲಿಲ್ಲ."

ಗ್ರೀಸಿನ ಕೈಯಲ್ಲೇ ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡೆ. ಕಿಟಕಿ ಇಲ್ಲದ ಕಡೆಯಿಂದ ಅವಳ ನಗುವನ್ನು ನೋಡಲು ಬೇರೆ ದಾರಿ ಇರಲಿಲ್ಲ. ಏನು ತಿಂದೆ, ಚಳಿ ಎಷ್ಟಿದೆ, ಸೊಂಟ ಹೇಗಿದೆ ಎಂದು ಕೇಳುವುದು ಇನ್ನೂ ಬಾಕಿ ಇತ್ತು.

"ಇಡ್ತೀನಿ ರೀ," ಎಂದಳು. "ಲಿಫ್ಟ್ ನಿಲ್ಲಿಸೋದ್ರೊಳಗೆ ಇನ್ನೊಂದ್ಸಲ ಮೇಲೆ ಹೋಗ್ಬೇಕು."